ಒಂದೇ ವಾರ್ಡಿಗೆ ಇಬ್ಬರು ಸುನಂದಾ

ಕುಡುಗೋಲಿನ ಅಲಗು ನನ್ನ ಕುತ್ತಿಗೆಗೆ ತಾಗಿತ್ತು.

"ಅಲ್ಲಾಡಬ್ಯಾಡ," ಅಂದ ಹಿಂದಿನಿಂದ ಒಬ್ಬ. "ಬಾಳಿಗೊನಿ ಕಡದಂಗ ಕಡೀತೀನಿ!"

ಕಮಲಾಪುರದ ಬಾಳೆತೋಟ ಅದು. ಸುತ್ತ ಕೆಂಪು ಬಾಳೆಯ ಗೊನೆಗಳು. ಎದುರಿಗೆ ತಗಡಿನ ಶೆಡ್ಡು. ಅದರೊಳಗೆ ನನಗೆ ಬೇಕಾದ ಹೆಂಗಸು. ಟೈಮ್ ಒಂದು ಐವತ್ತು.

ಮೂರು ಗಂಟೆಯೊಳಗೆ ಅವಳು ಕಲಬುರಗಿಯ ಚುನಾವಣಾ ಆಫೀಸಿನಲ್ಲಿ ಇರಬೇಕು. ಇಲ್ಲದಿದ್ದರೆ ನನ್ನನ್ನು ಕಳಿಸಿದ ಸುನಂದಕ್ಕ ಮುಳುಗಿದಳು!

ಯಾಕೆ ಅಂತ ಹೇಳುತ್ತೇನೆ, ಕೇಳು.

ಸ್ಟೇಶನ್ ಬಜಾರದಲ್ಲಿ ಸುನಂದಕ್ಕನ ಖಾನಾವಳಿ ಇದೆ. ಹತ್ತು ಟೇಬಲ್ಲು, ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಅದನ್ನು ಒಡೆಸಿ ಕಾಂಪ್ಲೆಕ್ಸ್ ಎಬ್ಬಿಸಬೇಕೆಂದು ಆ ವಾರ್ಡಿನ ಕಾರ್ಪೊರೇಟರ್ ಖಂಡೆಪ್ಪ ಹಟ ಹಿಡಿದಿದ್ದ. ಅಕ್ಕ ಕೈಕಾಲು ಹಿಡಿಯಲಿಲ್ಲ. ಸೀದಾ ಹೋಗಿ ಪಾಲಿಕೆ ಚುನಾವಣೆಗೆ ಪಕ್ಷೇತರಳಾಗಿ ನಾಮಪತ್ರ ಹಾಕಿಬಿಟ್ಟಳು! ಗೆದ್ದರೆ ಖಾನಾವಳಿ ಉಳಿಯುತ್ತದೆ. ಸೋತರೆ ಬುಲ್ಡೋಜರ್.

ವಾರ್ಡು ಈ ಸಲ ಮಹಿಳೆಗೆ ಮೀಸಲು. ಖಂಡೆಪ್ಪ ತನ್ನ ಹೆಂಡತಿಯನ್ನು ನಿಲ್ಲಿಸಿದ. ಆಯಮ್ಮನನ್ನು ಪೋಸ್ಟರಿನಲ್ಲಿ ಬಿಟ್ಟರೆ ಬೇರೆಲ್ಲೂ ನಾನು ಕಂಡಿಲ್ಲ. ಅಷ್ಟಕ್ಕೇ ಬಿಡಲಿಲ್ಲ ಆ ಭೂಪ... ಅದೇ ಹೆಸರಿನ ಇನ್ನೊಬ್ಬ ಸುನಂದಾಳನ್ನೂ ಹುಡುಕಿ ನಿಲ್ಲಿಸಿದ! ಮತಯಂತ್ರದಲ್ಲಿ ಎರಡು ಸುನಂದಾ. ಜನ ಗೊಂದಲಪಟ್ಟು ತಪ್ಪು ಗುಂಡಿ ಒತ್ತುತ್ತಾರೆ. ಅಕ್ಕನ ವೋಟು ಒಡೆಯುತ್ತದೆ.

ಆ ಇನ್ನೊಬ್ಬಳು ಬೇರೆ ಯಾರೂ ಅಲ್ಲ. ಅಕ್ಕನ ಖಾನಾವಳಿಯಲ್ಲೇ ಹನ್ನೊಂದು ವರ್ಷ ರೊಟ್ಟಿ ಬಡಿದವಳು! ಗಿರಾಕಿಗಳ ಬಾಯಲ್ಲಿ ರೊಟ್ಟಿ ಸುನಂದಾ. ನಾಮಪತ್ರ ವಾಪಸ್ ತೆಗೆಯದಿರಲೆಂದು ಖಂಡೆಪ್ಪ ಅವಳನ್ನು ಈ ತೋಟದಲ್ಲಿ ಕೂಡಿಹಾಕಿದ್ದ. ವಾಪಸಿಗೆ ಇವತ್ತೇ ಕಡೇ ದಿನ. ಮೂರು ಗಂಟೆಗೆ ಬಾಗಿಲು ಬಂದ್.

"ಆಕೀನ್ನ ಆಫೀಸಿನ ಬಾಗಿಲ ತನಕ ತಂದುಬಿಡು, ಪರ್ವೇಜ್," ಅಂದಿದ್ದಳು ಅಕ್ಕ. "ಮುಂದಿಂದು ನಾ ನೋಡ್ಕೋತೀನಿ. ನನ್ನ ಮಾತು ಆಕಿ ಮೀರಂಗಿಲ್ಲ."

ನಾನು ಮೊದಲು ಫೈನಾನ್ಸ್ ಕಂಪನಿಗಳಿಗೆ ಗಾಡಿ ಸೀಜ್ ಮಾಡುತ್ತಿದ್ದೆ. ಈಗ ಜನರನ್ನು ತರುವ ಕೆಲಸ. ಗಾಡಿಗಳೇ ವಾಸಿ. ಎದುರು ಮಾತಾಡುವುದಿಲ್ಲ.

ಹಳೇ ಚಟ ಮಾತ್ರ ಬಿಟ್ಟಿಲ್ಲ. ಎಲ್ಲಿಗೆ ಹೋದರೂ ಮೊದಲು ಅಲ್ಲಿರುವ ಗಾಡಿಯ ಕೀಲಿ ಎಗರಿಸುತ್ತೇನೆ. ಜೇಬಿನಿಂದ ಮೆಲ್ಲಗೆ ಒಂದನ್ನು ತೆಗೆದು ಮೇಲೆತ್ತಿ ಹಿಡಿದೆ.

"ತಮ್ಮಾ, ಹೊರಗ ನಿಂತಿದ್ದ ಬುಲೆಟ್ ನಿಂದೇನು?"

"ಏ... ಕೀಲಿ ಇಲ್ಲಿ ಕೊಡೋ!"

ಪಕ್ಕದಲ್ಲಿದ್ದ ಬಾವಿಗೆ ಎಸೆದೆ. ಅವನ ಕಣ್ಣು ಕೀಲಿಯ ಹಿಂದೆ ಹೋಯಿತು. ನನ್ನ ಮೊಣಕೈ ಅವನ ಹೊಟ್ಟೆಗೆ ಹೋಯಿತು.

ಶೆಡ್ಡಿನ ಬಾಗಿಲು ಒದ್ದೆ. ರೊಟ್ಟಿ ಸುನಂದಾ ಚೀಲ ಹಿಡಿದು ರೆಡಿ ನಿಂತಿದ್ದಳು! ಯಾರು, ಏನು, ಒಂದೂ ಕೇಳಲಿಲ್ಲ.

"ಟೈಮ್ ಎಷ್ಟಾಯ್ತ್ರಿ?"

"ಎರಡಕ್ಕ ಬಂತು."

"ಮತ್ತ್ಯಾಕ ನಿಂತೀರಿ? ನಡೀರಿ!"

ನನಗೆ ಖುಷಿಯಾಯಿತು. ಮಾಲಕಿಯ ಮೇಲೆ ಎಷ್ಟು ಪ್ರೀತಿ ನೋಡು ಅಂದುಕೊಂಡೆ.

ನನ್ನ ಕಾರಿನಲ್ಲಿ ಹೈವೇಗೆ ಬಿದ್ದೆವು. ಮಹಾಗಾಂವ ಕ್ರಾಸ್ ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಬಿಳಿ ಸ್ಕಾರ್ಪಿಯೋ ಕಂಡಿತು. ಫೋನೂ ಹೊಡೆದುಕೊಂಡಿತು.

"ಪರ್ವೇಜ್... ಆಕೀನ್ನ ಅಲ್ಲೇ ಇಳಿಸು." ಖಂಡೆಪ್ಪ! ದನಿ ಬಹಳ ಮೆತ್ತಗಿತ್ತು.

"ಇಳಸ್ಲಿಲ್ಲಂದ್ರ?"

"ನಾಳಿಂದ ಈ ಊರಾಗ ನೀ ಹ್ಯಾಂಗ ತಿರಗತಿ ನೋಡ್ತೀನಿ."

"ನಡಕೋತ ತಿರಗ್ತೀನಿ, ಬಿಡ್ರಿ," ಅಂದು ಕಟ್ ಮಾಡಿದೆ.

ಸುಳ್ಳು ಯಾಕೆ ಹೇಳಲಿ? ಹೆದರಿಕೆ ಆಯಿತು. ಸ್ಕಾರ್ಪಿಯೋ ಹಿಂದಿನಿಂದ ಒಮ್ಮೆ ಗುದ್ದಿತು. ಇನ್ನೊಮ್ಮೆ ಗುದ್ದಿತು! ಡಿಕ್ಕಿಯ ಬಾಗಿಲು ಕಿತ್ತು ರಸ್ತೆಗೆ ಬಿತ್ತು.

"ಟೈಮ್ ಎಷ್ಟಾಯ್ತ್ರಿ?" ಹಿಂದಿನ ಸೀಟಿನಿಂದ ಅದೇ ಪ್ರಶ್ನೆ!

"ಜೀವ ಉಳದ್ರ ಹೇಳ್ತೀನವ್ವಾ!"

ಕಪನೂರ ಬಂತು. ಫ್ಯಾಕ್ಟರಿಗಳ ಸಂದಿಗೊಂದಿ ಎಲ್ಲಾ ನನಗೆ ಗೊತ್ತು. ಅಲ್ಲಿ ನಾನು ಸೀಜ್ ಮಾಡಿದ ಲಾರಿಗಳಿಗೆ ಲೆಕ್ಕವಿಲ್ಲ. ಒಂದು ದಾಲ್ ಮಿಲ್ಲಿನ ಮುಂದಿನ ಗೇಟಿನಿಂದ ನುಗ್ಗಿದೆ. ಹಮಾಲರು ಬೈಯುತ್ತಾ ಬದಿಗೆ ಹಾರಿದರು. ತೊಗರಿ ತುಂಬಿದ ಲಾರಿಯೊಂದು ರಿವರ್ಸ್ ಬರುತ್ತಿತ್ತು... ಅದರ ಮಗ್ಗುಲಲ್ಲೇ ನುಸುಳಿ ಹಿಂದಿನ ಗೇಟಿನಿಂದ ಹೊರಬಿದ್ದೆ. ಸ್ಕಾರ್ಪಿಯೋ ಆ ಲಾರಿಗೆ ಮುತ್ತು ಕೊಟ್ಟ ಸದ್ದು ಕೇಳಿತು!

ಆಫೀಸಿನ ಮುಂದೆ ಬ್ರೇಕ್ ಹಾಕಿದಾಗ ಎರಡು ಐವತ್ತೊಂದು.

ಬಾಗಿಲಲ್ಲೇ ಸುನಂದಕ್ಕ. ಒಂದು ಕೈಯಲ್ಲಿ ವಾಪಸಾತಿ ಫಾರ್ಮು, ಇನ್ನೊಂದರಲ್ಲಿ ಪೆನ್ನು.

"ಬಂದಿ ನಮ್ಮವ್ವಾ! ಲಗೂನ ಸಹಿ ಹಾಕು."

ರೊಟ್ಟಿ ಸುನಂದಾ ಪೆನ್ನು ಮುಟ್ಟಲಿಲ್ಲ.

"ಇಲ್ರಿ ಅಕ್ಕಾ. ನಾ ನಿಂದ್ರತೀನಿ."

"ಏನಂದಿ? ಖಂಡೆಪ್ಪ ಏನು ಆಸಿ ತೋರ್ಸ್ಯಾನ?"

"ಅಂವ ಹೆದರಿಸಿ ಫಾರ್ಮ್ ತುಂಬಿಸ್ದ. ತೋಟದಾಗ ಕೂಡಿಹಾಕ್ದ. ಇವರು ಬಂದು ಗಾಡ್ಯಾಗ ಹಾಕ್ಕೊಂಡು ಬಂದ್ರು. ನೀವು ಪೆನ್ನು ಹಿಡದು ನಿಂತೀರಿ. ನಿನಗೇನು ಬೇಕವ್ವಾ ಅಂತ ಒಬ್ಬರರ ಕೇಳೀರೇನು?"

ನಾನು ನೆಲ ನೋಡಿದೆ. ನಲವತ್ತು ಕಿಲೋಮೀಟರ್ ಜೊತೆಗೇ ಬಂದಿದ್ದೆ... ಕೇಳಿರಲಿಲ್ಲ. ನಾಚಿಕೆಯಾಯಿತು.

"ಮತ್ತ ಇವನ ಸಂಗಡ ಓಡಿ ಬಂದಿದ್ದ್ಯಾಕ?"

"ಮೂರರ ಮ್ಯಾಲ ಚಿಹ್ನೆ ಕೊಡ್ತಾರಂತ. ನಾನೇ ಆರಿಸ್ಕೋಬೇಕಲ್ಲರಿ? ನಮ್ಮ ಓಣ್ಯಾಗ ನಾಕ್ನೂರು ವೋಟ್ ಅವ. ನಳ ಮಾತ್ರ ಎಂಟು ದಿನಕ್ಕೊಮ್ಮಿ ಬರ್ತದ."

ಎರಡು ಐವತ್ತಾರು. ಅಕ್ಕ ನನ್ನ ಕಡೆ ತಿರುಗಿದಳು. ಪೆನ್ನನ್ನು ನನ್ನ ಕೈಗೆ ತುರುಕಿದಳು.

"ಕೈ ಹಿಡದು ಹಾಕ್ಸು ಪರ್ವೇಜ್! ನನ್ನ ಖಾನಾವಳಿ ಹೋಗ್ತದ!"

ಹಾಕಿಸಬಹುದಿತ್ತು. ನನ್ನ ಒಂದು ಕೈ ಸಾಕಿತ್ತು. ಸುನಂದಾ ನನ್ನನ್ನೇ ನೋಡುತ್ತಿದ್ದಳು. ಹಿಂದೆ ಸರಿಯಲಿಲ್ಲ.

ಪೆನ್ನನ್ನು ನನ್ನ ಜೇಬಿಗೆ ಸಿಕ್ಕಿಸಿದೆ.

"ಬಾಗಿಲ ತನಕ ಅಂದಿದ್ರಿ ಅಕ್ಕಾ. ಇದೇ ನೋಡ್ರಿ ಬಾಗಿಲ."

ಅಷ್ಟರಲ್ಲಿ ಖಂಡೆಪ್ಪ ಏದುಸಿರು ಬಿಡುತ್ತಾ ಬಂದ. ವಿಷಯ ತಿಳಿದು ಹೊಟ್ಟೆ ಹಿಡಿದು ನಕ್ಕ.

"ಶಾಬಾಸ್ ಸುನಂದಾ! ನನ್ನ ಮಾನ ಉಳಿಸ್ದಿ!"

"ನಮ್ಮ ಓಣಿ ವೋಟೆಲ್ಲಾ ಇಷ್ಟು ದಿನ ಯಾರಿಗಿ ಬೀಳ್ತಿದ್ವುರಿ, ಸಾವಕಾರ್ರ?" ಅಂದಳು ಅವಳು ತಣ್ಣಗೆ.

ನಗು ಅಲ್ಲಿಗೇ ನಿಂತಿತು. ಆ ನಾಕ್ನೂರು ಅವನವೇ!

ಸುನಂದಕ್ಕ ಮೆಟ್ಟಿಲ ಮೇಲೆ ಕುಸಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರೊಟ್ಟಿ ಸುನಂದಾ ಬಗ್ಗಿ ಅವಳ ಭುಜ ಮುಟ್ಟಿದಳು.

"ಖಾನಾವಳಿ ಒಡೀಲಿಕ್ಕ ನಾನೂ ಬಿಡಂಗಿಲ್ರಿ ಅಕ್ಕಾ. ಹನ್ನೊಂದು ವರ್ಷ ಅಲ್ಲೇ ಕೈ ಸುಟ್ಕೊಂಡೀನಿ."

ಒಳಗೆ ಹೋದಳು. ಮೂರು ಹೊಡೆಯಿತು.

ಯಾರು ಗೆದ್ದರು ಅಂತ ತಾನೇ ನಿನ್ನ ಪ್ರಶ್ನೆ? ರೊಟ್ಟಿ ಸುನಂದಾಳ ಓಣಿಗೆ ನಳ ಈಗ ದಿನಾ ಬರುತ್ತದೆ. ಖಾನಾವಳಿ ಅಲ್ಲೇ ಇದೆ, ಒಮ್ಮೆ ಹೋಗಿ ಉಂಡು ಬಾ. ರೊಟ್ಟಿ ಈಗ ಸುನಂದಕ್ಕನೇ ಬಡಿಯುತ್ತಾಳೆ... ಸ್ವಲ್ಪ ದಪ್ಪ!