ಸತ್ತ ಮೇಲೆ ಬರೆದ ದಿನಚರಿ

ಒಪ್ಪಿಗೆಯ ಹಾಳೆಗೆ ಒತ್ತಲು ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡಿದ್ದ ಬಾಯವ್ವ ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು.

“ಇನ್ನೊಮ್ಮೆ ಓದ್ರಿ ಅಕ್ಕಾರ.”

ಸುಚೇತಾ ಲ್ಯಾಪ್‌ಟಾಪ್ ನೋಡಿ ಮತ್ತೆ ಓದಿದಳು. “ನವೆಂಬರ್ ನಾಲ್ಕು. ಮಳಿ ಇಲ್ಲ. ಜೋಳಕ್ಕ ಎಡಿಕುಂಟಿ ಹೊಡೆದೆ. ಎಡಗಡೆ ಎತ್ತು ಮೊಂಡತನ ಮಾಡಿತು.”

“ಅವರು ತೀರಿಕೊಂಡದ್ದು ಶ್ರಾವಣದಾಗರೀ. ಆಗಸ್ಟ್ ಹತ್ತೊಂಬತ್ತಕ್ಕ.”

ಸುಚೇತಾ ಮತ್ತೆ ತಾರೀಖು ನೋಡಿದಳು. ಈಗ ಡಿಸೆಂಬರ್. ಬಾಯವ್ವನ ಗಂಡ ರಾಯಪ್ಪನ ಸಹಿಗೆಂದು ಸುರೇಬಾನಕ್ಕೆ ಬಂದವಳಿಗೆ ಬಾಗಿಲಲ್ಲೇ ಸಾವಿನ ಸುದ್ದಿ ಸಿಕ್ಕಿತ್ತು. ಮೊನ್ನೆ ಮೊನ್ನೆ ಹೋಗಿರಬೇಕು ಎಂದುಕೊಂಡಿದ್ದಳು. ಏಕೆಂದರೆ ಕಂಪ್ಯೂಟರಿನಲ್ಲಿ ಅವನ ದಿನಚರಿ ಕಳೆದ ಶನಿವಾರದವರೆಗೂ ಇತ್ತು.

ಹನ್ನೆರಡು ವರ್ಷ ರಾಯಪ್ಪ ಮಳೆ-ಬೆಳೆಯ ಅಧ್ಯಯನವೊಂದಕ್ಕಾಗಿ ದಿನವೂ ಮಳೆ ಅಳೆದು, ಹೊಲದ ಕೆಲಸ ಬರೆದಿಟ್ಟಿದ್ದ. ಕಟಕೋಳದ ಗಂಗಪ್ಪ ವಾರಕ್ಕೊಮ್ಮೆ ಬಂದು, ಪುಟಗಳ ಫೋಟೊ ತೆಗೆದು, ಕಂಪ್ಯೂಟರಿಗೆ ತುಂಬುತ್ತಿದ್ದ. ಶುಕ್ರವಾರ ಆ ದಿನಚರಿ ಜಗತ್ತಿನ ಸಂಶೋಧಕರಿಗೆಲ್ಲ ತೆರೆಯಬೇಕಿತ್ತು. ಬರೆದವರು ಯಾರು, ಒಪ್ಪಿಗೆ ಇದೆಯೇ, ಬರೆದದ್ದು ನಿಜವೇ ಎಂದು ಮೊದಲೇ ನೋಡುವುದು ಸುಚೇತಾಳ ಕೆಲಸ. ವಿಜ್ಞಾನಿಗಳ ಹೆಸರು ಪೇಪರಿನಲ್ಲಿ ಬರುತ್ತದೆ. ಇಂಥ ಕೆಲಸದವರನ್ನು ಚಹಕ್ಕೂ ಕರೆಯುವವರಿಲ್ಲ.

“ಅವರ ದಿನಚರಿ ವಹಿ ಎಲ್ಲೈತಿ ಬಾಯವ್ವ?”

“ಗಂಟಿನ್ಯಾಗ ಕಟ್ಟಿಟ್ಟೇನ್ರಿ. ಬಿಚ್ಚಾಕ ಧೈರ್ಯ ಆಗವಲ್ದು.” ಬಾಯವ್ವ ದನಿ ತಗ್ಗಿಸಿದಳು. “ಎತ್ತು ಗಂಗಪ್ಪಗ ಕೊಟ್ಟು ಮೂರು ತಿಂಗಳಾತು. ಆದ್ರೂ ನಸುಕಿನ್ಯಾಗ ಕೊರಳಗಂಟಿ ಸಪ್ಪಳ ಕೇಳತೈತಿ. ವಹಿ ಬಿಚ್ಚಿದಾಗ ಅದರಾಗ ಹೊಸಾದು ಏನರ ಬರದದ್ದಿದ್ರ ಏನ್ ಮಾಡ್ಲಿ?”

ಸುಚೇತಾ ಅವಳ ಹತ್ತಿರ ಸರಿದು ಕೂತಳು.

“ನವೆಂಬರ್ ನಾಲ್ಕು ಅಂದ್ರಲ್ಲ, ಅವತ್ತ ಯಾ ವಾರರೀ? ಗಂಟಿ ಕೇಳಿದ್ದು ಅವತ್ತನ ಏನೋ.”

ಕಂಪ್ಯೂಟರಿನ ಹಾಳೆಯಲ್ಲಿ ತಾರೀಖು ಇತ್ತು, ವಾರ ಇರಲಿಲ್ಲ. ಸುಚೇತಾ ಗೋಡೆಯ ಕ್ಯಾಲೆಂಡರ್ ನೋಡಿದಳು. “ಸೋಮವಾರ.”

“ಎಡಿ ಹೊಡದಾರ? ಸೋಮವಾರ?”

“ಅಕ್ಟೋಬರ್ ಹದಿನಾಲ್ಕಕ್ಕ ಬಿತ್ತಿದೆ ಅಂತ ಐತಿ. ಅದೂ ಸೋಮವಾರನ. ಸೆಪ್ಟೆಂಬರ್ ಇಪ್ಪತ್ಮೂರಕ್ಕ ಎತ್ತು ಹೂಡಿ ಹೊಲಾ ಹರಗಿದೆ ಅಂತ. ಅದೂ ಸೋಮವಾರ.”

ಬಾಯವ್ವನ ಎದೆಯಿಂದ ದೊಡ್ಡ ಉಸಿರು ಹೊರಬಿತ್ತು. “ಹಂಗಾರ ಅವರಲ್ಲರೀ. ಸೋಮವಾರ ಬಸವಣ್ಣನ ವಾರ. ನಾ ಈ ಮನಿಗೆ ಬಂದಾಗಿಂದ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟಿಲ್ಲ. ಸತ್ತ ಮ್ಯಾಲೆ ಇಡತಾರ?” ಆಮೇಲೆ ಮುಖ ಸಣ್ಣದಾಯಿತು. “ಯಾರೋ ಸುಳ್ಳ ಬರದಾರ ಅಂದ್ರ, ಅವರು ಬರದದ್ದೂ ಸುಳ್ಳ ಆಗಿಬಿಡತೈತೇನ್ರಿ?”

ಆಗುತ್ತದೆ. ಒಂದು ಸಾಲು ಸುಳ್ಳೆಂದು ತಿಳಿದರೆ ಹನ್ನೆರಡು ವರ್ಷವನ್ನೂ ಯಾರೂ ನಂಬುವುದಿಲ್ಲ. ಸುಚೇತಾ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿ ಎದ್ದಳು.

* * *

ಸುಳ್ಳು ಸಾಲುಗಳೆಲ್ಲ ಗಂಗಪ್ಪನ ಹೆಸರಿನಲ್ಲೇ ತುಂಬಿದ್ದವು. ಸುಚೇತಾ ನೇರ ಕಟಕೋಳಕ್ಕೆ ಹೋದಳು.

ವಿಷಯ ಕೇಳಿದ ಗಂಗಪ್ಪನ ಮುಖ ಕಪ್ಪಿಟ್ಟಿತು. “ನಾ ಅಲ್ಲರೀ ಮೇಡಂ. ರಾಯಪ್ಪಣ್ಣ ಹೋದ ದಿನನ ರಾಮದುರ್ಗದ ಆಫೀಸಿಗೆ ಫೋನ್ ಮಾಡಿ ಹೇಳೇನಿ.”

“ಯಾರು ಎತ್ತಿದ್ರು?”

“ಮಾತಾಡಲಿಲ್ಲರೀ. ಉಸುರಷ್ಟ ಕೇಳಸ್ತು. ಆಮ್ಯಾಲೆ ಇಟ್ಟಬಿಟ್ರು.”

“ನಿಮ್ಮ ಪಾಸ್‌ವರ್ಡ್ ಯಾರಿಗರೆ ಗೊತ್ತೈತಿ?”

“ಮರೀತೇನಿ ಅಂತ ಆಫೀಸಿನ ಗ್ವಾಡಿ ಮ್ಯಾಲೆ ಬರದಿಟ್ಟೇನಿ. ಎಲ್ಲಾರಿಗೂ ಗೊತ್ತು.”

ಸುಚೇತಾ ಹಣೆ ಹಿಡಿದುಕೊಂಡಳು. ಅಂಗಳದ ಬೇವಿನ ನೆರಳಲ್ಲಿ ಎರಡು ಬಿಳಿ ಎತ್ತುಗಳು ಮೆಲುಕು ಹಾಕುತ್ತಿದ್ದವು.

“ಇವು ರಾಯಪ್ಪಣ್ಣನವರೀ,” ಎಂದ ಗಂಗಪ್ಪ. “ಇವತ್ತ ಸೋಮವಾರ ಐತೆಲ್ಲ, ಕಟ್ಟೇ ಹಾಕೇನಿ.”

ಅವಳಿಗೆ ಅಷ್ಟು ಸಾಕಾಗಿತ್ತು. ರಾಮದುರ್ಗದ ಬಸ್ಸಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದು, ತಾರೀಖುಗಳ ಪಕ್ಕ ವಾರ ಸೇರಿಸತೊಡಗಿದಳು.

* * *

ರಾಮದುರ್ಗದ ಆಫೀಸಿನಲ್ಲಿ ಬಾಳಕೃಷ್ಣ ಒಬ್ಬರೇ ಇದ್ದರು. ಈ ಅಧ್ಯಯನ ಶುರು ಮಾಡಿದವರು ಅವರೇ. ಸುಚೇತಾಳಿಗೆ ಕೆಲಸ ಕಲಿಸಿದವರೂ ಅವರೇ. ಖಾಲಿ ಖಾನೆಯನ್ನು ಊಹೆಯಿಂದ ತುಂಬಬಾರದೆಂದು ಮೊದಲ ದಿನ ಹೇಳಿಕೊಟ್ಟಿದ್ದರು.

“ಗಂಗಪ್ಪನ ಹೆಸರಿಲೆ ತುಂಬ್ಯಾರಂದ್ರ ಅವನ ಇರಬೇಕು,” ಎಂದರು ಅವರು, ತಲೆ ಎತ್ತದೆ. “ಮೈಗಳ್ಳ. ಕುಂತಲ್ಲೇ ಬರದಿರತಾನ.”

“ಗಂಗಪ್ಪ ಅಲ್ಲ ಸರ. ರಾಯಪ್ಪನ ಎತ್ತು ಅವನ ಅಂಗಳದಾಗ ಅದಾವ. ಸುರೇಬಾನದ ಹೊಲಾ ಹರಗಿದವು ಅಂತ ಅಂವಾ ಹ್ಯಾಂಗ ಬರೀತಾನ? ಅದೂ ಅವನೂ ಎತ್ತು ಹೂಡದ ಸೋಮವಾರ?”

“ಮತ್ತ ಅನಿಕೇತ? ಕಂಪ್ಯೂಟರ್ ನೋಡಿಕೊಳ್ಳೂ ಹುಡುಗ?”

“ಅಂವಾ ಬಂದದ್ದು ಅಕ್ಟೋಬರಿನಾಗ. ಸುಳ್ಳು ಸುರು ಆದದ್ದು ಆಗಸ್ಟಿನಾಗ.”

ಬಾಳಕೃಷ್ಣ ಮುಂದಿನ ಫೈಲು ಎಳೆದುಕೊಂಡರು.

“ಬರದವರು ತಾರೀಖು ನೋಡ್ಯಾರ, ವಾರ ನೋಡಿಲ್ಲ. ಆದ್ರ ಮಾತು ಮಾತ್ರ ರಾಯಪ್ಪನವಽ. ಅವನ ಹಂಗ ಬರೀಬೇಕಂದ್ರ ದಿನಾ ಅವನ್ನ ಓದಿರಬೇಕು ಸರ. ಹನ್ನೆರಡು ವರ್ಷ. ಹಂಗ ಓದಿದವರು ನೀವೊಬ್ಬರ.”

ಫ್ಯಾನು ಕಿರುಗುಡುತ್ತಿತ್ತು. ಬಾಳಕೃಷ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂವಾ ಹೋದ ದಿನ ಗಂಗಪ್ಪನ ಫೋನ್ ನಾನಽ ಎತ್ತಿದೆ. ಬಾಯಿಂದ ಮಾತು ಹೊರಡಲಿಲ್ಲ. ಆ ವಾರದ ಖಾನೆ ಖಾಲಿ ಉಳದವು. ನೋಡಲಿಕ್ಕೆ ಆಗಲಿಲ್ಲವ್ವಾ. ಈ ಡಿಸೆಂಬರಿಗೆ ಹನ್ನೆರಡು ವರ್ಷ ತುಂಬತದಲ್ಲ, ಅಲ್ಲೀ ತನಕ ಅಂತ ಒಂದು ಸಾಲು ಬರದೆ. ಬರಕೋತ ಹೋದ್ರ ಅಂವಾ ಇನ್ನೂ ಇದ್ದಾನ ಅನ್ನಸ್ತು.”

ಸುಚೇತಾಳಿಗೆ ಅಳು ಬಂತು, ಸಿಟ್ಟೂ ಬಂತು. “ಗಂಗಪ್ಪನ ತಲಿಗೆ ಕಟ್ಟಲಿಕ್ಕೆ ಮಾತ್ರ ಮಾತು ಹೊರಟಿತಲ್ಲ ಸರ.”

ಅವರು ತಲೆ ತಗ್ಗಿಸಿದರು. “ಎಲ್ಲಾ ಹಾಳ ಮಾಡಿದೆ. ಇನ್ನ ಅವನ ಹನ್ನೆರಡು ವರ್ಷಾನೂ ಯಾರೂ ನಂಬೂದಿಲ್ಲ.”

“ನಂಬತಾರ.” ಸುಚೇತಾ ಲ್ಯಾಪ್‌ಟಾಪ್ ಅವರತ್ತ ತಿರುಗಿಸಿದಳು. “ಅಂವಾ ಬದುಕಿದ್ದಾಗಿನ ಸೋಮವಾರ ಆರುನೂರರ ಮ್ಯಾಲೆ ಅವ. ಎಲ್ಲಾ ನೋಡಿದೆ. ಒಂದರಾಗೂ ಎತ್ತು ಹೂಡಿಲ್ಲ. ಕುರ್ಚಿ ಮ್ಯಾಲೆ ಕುಂತು ಬರದವರಿಗೆ ನಾಲ್ಕು ತಿಂಗಳದಾಗ ಮೂರು ಸಲ ವಾರ ತಪ್ಪೇದ. ಹೊಲದಾಗ ನಿಂತು ಬರದಂವಗ ಒಮ್ಮೆನೂ ತಪ್ಪಿಲ್ಲ.”

ಬಿಳಿ ಹಾಳೆಯೊಂದನ್ನು ಮುಂದಿಟ್ಟಳು. ಬಾಳಕೃಷ್ಣ ತಪ್ಪೊಪ್ಪಿಗೆ ಬರೆದು, ಕೆಳಗೆ ತಮ್ಮ ಹೆಸರನ್ನೇ ಹಾಕಿದರು.

* * *

ಮರುದಿನ ಸುರೇಬಾನದಲ್ಲಿ ಬಾಯವ್ವ ಎಲ್ಲವನ್ನೂ ಕೇಳಿಸಿಕೊಂಡಳು.

“ಸುಳ್ಳ ಸಾಲೆಲ್ಲ ತಗದೇವಿ. ಆ ಖಾನೆ ಖಾಲಿ ಬಿಡತೇವಿ. ‘ಬರೆಯುತ್ತಿದ್ದವರು ತೀರಿಕೊಂಡರು’ ಅಂತ ಕೆಳಗ ಬರೀತೇವಿ,” ಎಂದಳು ಸುಚೇತಾ.

“ಖಾಲೀನ ಇರಲಿ ಬಿಡ್ರಿ. ಅವರು ಇಲ್ಲದ್ದೂ ಖರೇನ ಅಲ್ಲೇನ್ರಿ.”

ಒಳಗೆ ಹೋಗಿ ಗಂಟು ತಂದಳು. ತಾನೇ ಬಿಚ್ಚಿದಳು. ಕೊನೆಯ ಪುಟ ಗಂಗಪ್ಪನ ಫೋಟೊಕ್ಕೂ ಸಿಕ್ಕಿರದ ಪುಟ. ಅದರಾಚೆ ಹಾಳೆಗಳೆಲ್ಲ ಬಿಳಿ. ಬಾಯವ್ವ ಒಂದೊಂದನ್ನೇ ಮುಟ್ಟಿ ನೋಡಿದಳು.

“ಕಡೀದು ಓದ್ರಿ.”

ಸುಚೇತಾ ಓದಿದಳು. “ಆಗಸ್ಟ್ ಹದಿನೆಂಟು. ಮಳಿ ಏಳು ಮಿಲಿಮೀಟರ್. ನಾಳೆ ಸೋಮವಾರ. ಎತ್ತಿಗೂ ಸೂಟಿ, ನನಗೂ ಸೂಟಿ.”

ಬಾಯವ್ವ ಆ ಸಾಲಿನ ಮೇಲೆ ಕೈಯಾಡಿಸಿದಳು. ಆಮೇಲೆ ಹೆಬ್ಬೆಟ್ಟನ್ನು ಶಾಯಿಯಲ್ಲಿ ಅದ್ದಿ, ಒಪ್ಪಿಗೆಯ ಹಾಳೆಯ ಮೇಲೆ ಒತ್ತಿದಳು.