ಬ್ಯಾಗಿನೊಳಗಿನ ಚೋರ

ಹಿಂದಿನಿಂದ ಯಾರೋ ಬ್ಯಾಗಿಗೆ ಕೈ ಹಾಕಿದರು.

ಇಚಲಕರಂಜಿಯ ಬಸ್ ಸ್ಟ್ಯಾಂಡು, ಬೆಳಗಿನ ಹತ್ತೂವರೆ, ಸುತ್ತ ನೂರಾರು ಜನ. ಆದರೂ ಸಾರಿಕಾಳ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಜೀವ ಬಾಯಿಗೆ ಬಂದಿತ್ತು!

ಬ್ಯಾಗಿನಲ್ಲಿ ಇದ್ದದ್ದು ಅವಳ ಸ್ವಂತದ್ದಾದರೂ ಆಗಿದ್ದರೆ ಒಂದು ಮಾತು. ಆಫೀಸಿನ ಲ್ಯಾಪ್‌ಟಾಪು, ಆಫೀಸಿನ ಟ್ಯಾಬು, ಎರಡು ಮೊಬೈಲು... ಊರೂರು ತಿರುಗಿ ಕುರಿಗಳಿಗೆ ಲಸಿಕೆ ಹಾಕಿಸುವ ಸಂಸ್ಥೆಯಲ್ಲಿ ಅವಳಿಗೆ ಕೆಲಸ ಸಿಕ್ಕು ಬರೀ ಎರಡು ತಿಂಗಳಾಗಿತ್ತು. ಅವಳಿಗಿಂತ ಮೊದಲಿದ್ದ ಹುಡುಗಿಯ ಬ್ಯಾಗನ್ನು ಬೈಕಿನವರು ಕಸಿದುಕೊಂಡು ಹೋಗಿದ್ದರು. ಮರುವಾರ ಆ ಹುಡುಗಿಯ ಕೆಲಸವೂ ಹೋಗಿತ್ತು.

ಸಾರಿಕಾಳಿಗೂ ಹಾಗೇನಾದರೂ ಆದರೆ ಅಪ್ಪ ರಾಯಪ್ಪ ಮರುದಿನವೇ ಬಂದು ಅವಳನ್ನು ಗಡಹಿಂಗ್ಲಜದ ಆಚೆಯ ಊರಿಗೆ ಕರೆದೊಯ್ಯುತ್ತಾನೆ. ಅದು ಮೊದಲೇ ಆದ ಕರಾರು. ಒಂದು ಸಲ ಏನಾದರೂ ಆಯಿತೋ, ನೌಕರಿ ಸಾಕು, ಮನೆ ಸೇರು ಅಂದಿದ್ದ.

"ಅಲಗಾಡಬ್ಯಾಡ್ರಿ," ಹಿಂದಿನವನು ಹೇಳಿದ. "ಪಟ್ಟಾ ಹರದೈತಿ. ನಾ ಕೈ ತಗದ್ರ ಎಲ್ಲಾ ಕೆಳಗ ಬೀಳತೈತಿ."

ಅವಳು ಮೆಲ್ಲಗೆ ತಿರುಗಿ ನೋಡಿದಳು. ತೆಳ್ಳನೆಯ ಮುಖ, ಕಿವಿಯ ಮೇಲೆ ಸಿಕ್ಕಿಸಿಕೊಂಡ ಸೀಮೆಸುಣ್ಣದ ತುಂಡು, ಬ್ಯಾಗಿನ ತಳವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಎದುರಿನ ಬ್ಯಾಗ್ ಅಂಗಡಿಯಲ್ಲಿ ಹೊಲಿಯುವವನಂತೆ. ಬಂದರೆ ಐದು ನಿಮಿಷದಲ್ಲಿ ಹೊಲಿಗೆ ಹಾಕಿಕೊಡುವೆ ಅಂದ.

ನಂಬುವಷ್ಟು ಧೈರ್ಯ ಅವಳಲ್ಲಿ ಎಲ್ಲಿತ್ತು? ಬ್ಯಾಗನ್ನು ಕಸಿದುಕೊಂಡು, ಹಸುಗೂಸಿನ ಹಾಗೆ ಎದೆಗವಚಿಕೊಂಡು ಒಂದೇ ಓಟ ಓಡಿದಳು. ಪುಣ್ಯಾತ್ಮನಿಗೆ ಒಂದು ಥ್ಯಾಂಕ್ಸ್ ಕೂಡ ಇಲ್ಲ!

ಆದರೆ ಹರಿದ ಬ್ಯಾಗನ್ನು ಎಷ್ಟು ಹೊತ್ತು ಅವಚಿಕೊಂಡು ತಿರುಗುವುದು? ಅರ್ಧ ಗಂಟೆಯಾದ ಮೇಲೆ ತಲೆ ತಗ್ಗಿಸಿಕೊಂಡು ಅದೇ ಅಂಗಡಿಗೆ ಬಂದಳು. ಮಾಲೀಕರು ಜಿನಪಾಲಣ್ಣ ಅಂತ, ದಪ್ಪ ಮೀಸೆಯ ಹಿರಿಯರು. ಹೊಲಿಗೆಯ ಮಷೀನಿನ ಹಿಂದೆ ಅವನೇ ಕೂತಿದ್ದ. ಕೇದಾರಿ ಅಂತ ಅವನ ಹೆಸರು.

ಹಳೆಯ ಬ್ಯಾಗು ಇನ್ನು ಬಾಳುವುದಿಲ್ಲ, ಹೊಸದೇ ಬೇಕು ಎಂದು ಇಬ್ಬರೂ ಹೇಳಿದರು. ಸಾರಿಕಾ ಕಣ್ಣಿಗೆ ಬಿದ್ದ ಮೊದಲನೆಯದನ್ನು ತೋರಿಸಿದಳು. ಕರ್ರಗೆ ಮಿಂಚುವ ಬ್ಯಾಗು, ಮೇಲೆ ದೊಡ್ಡ ಅಕ್ಷರದಲ್ಲಿ ಲ್ಯಾಪ್‌ಟಾಪ್ ಕಂಪನಿಯ ಹೆಸರು.

ಕೇದಾರಿ ತಲೆಯಾಡಿಸಿದ. "ಅದು ಬ್ಯಾಡ್ರಿ. ಒಳಗ ಏನೈತಿ ಅಂತ ಮ್ಯಾಲ ಬರದೈತಿ. ಕಳ್ಳರಿಗೂ ಓದಾಕ ಬರತೈತಿ."

ಜಿನಪಾಲಣ್ಣ ಗಟ್ಟಿಯಾಗಿ ನಕ್ಕರು. ಸಾರಿಕಾಳಿಗೆ ನಗು ಬರಲಿಲ್ಲ. ಇವನಿಗೆ ಕಳ್ಳರ ವಿಷಯ ಇಷ್ಟು ಹೇಗೆ ಗೊತ್ತು?

ಅವನು ಲ್ಯಾಪ್‌ಟಾಪನ್ನು ಟೇಪು ಹಿಡಿದು ಅಳೆದ. ಆಮೇಲೆ ಸೀಮೆಸುಣ್ಣ ಕೈಗೆ ತೆಗೆದುಕೊಂಡು, ಯಾರೂ ಯಾವತ್ತೂ ಅವಳನ್ನು ಕೇಳದ ಪ್ರಶ್ನೆಯೊಂದನ್ನು ಕೇಳಿದ.

"ಎದಕ್ಕೆಲ್ಲಾ ಅಂಜತೀರಿ, ಹೇಳ್ರಿ. ಅದರ ಪ್ರಕಾರ ಹೊಲೀತೇನಿ."

ಅವಳು ತಬ್ಬಿಬ್ಬಾದಳು. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ, ಅಂಜಬೇಡ ಎಂದವರೇ ಎಲ್ಲ. ಯಾತಕ್ಕೆ ಅಂಜುತ್ತೀ ಎಂದು ಕೇಳಿದವರು ಒಬ್ಬರಿಲ್ಲ. ಕೇಳಿದ್ದೇ ತಡ, ಅವಳ ಬಾಯಿಗೆ ಬಾಗಿಲೇ ಇಲ್ಲದಂತಾಯಿತು! ಆಜರಾ ಕಡೆಯ ಜಡಿಮಳೆ, ಶಿರೋಳದ ಕಡೆ ಹಟ್ಟಿಯಲ್ಲಿ ಹಿಂದಿನಿಂದ ಬಂದು ಗುದ್ದುವ ಟಗರು, ಬ್ರೇಕ್ ಹಾಕಿದಾಗ ಬಸ್ಸಿನ ನೆಲಕ್ಕೆ ಬಡಿಯುವ ಲ್ಯಾಪ್‌ಟಾಪು, ಚಾರ್ಜರಿನ ಪಿನ್ನು ತಾಗಿ ಗೀರು ಬೀಳುವ ಟ್ಯಾಬು, ಬೈಕಿನವರು... ಕೊನೆಗೆ ಅಪ್ಪನ ಕರಾರನ್ನೂ ಹೇಳಿಬಿಟ್ಟಳು.

ಅವನು ನಗಲಿಲ್ಲ. ಒಂದೊಂದಕ್ಕೂ ಮೇಜಿನ ಮೇಲೆ ಒಂದು ಗೆರೆ ಎಳೆದ. ನೆಲಕ್ಕೆ ಬಡಿಯದ ಹಾಗೆ ತಳಕ್ಕಿಂತ ಒಂದು ಬೆರಳು ಮೇಲೆ ಲ್ಯಾಪ್‌ಟಾಪಿನ ಖಾನೆ. ಜಿಪ್ಪು ಬೆನ್ನಿನ ಕಡೆಗೆ, ಯಾರೂ ತೆರೆಯದ ಹಾಗೆ. ಚಾರ್ಜರಿಗೆ ಬೇರೆ ಮನೆ, ಟ್ಯಾಬಿಗೆ ಬೇರೆ ಮನೆ. ಕಸಿದುಕೊಳ್ಳಲು ಬಾರದಂತೆ ಎದೆಯ ಮೇಲೊಂದು ಪಟ್ಟಿ. ಹೊರಗಿನಿಂದ ನೋಡಿದರೆ ಬಾಜಾರಕ್ಕೆ ಹೊರಟ ಹೆಂಗಸಿನ ಚೀಲದ ಹಾಗಿರಬೇಕು.

ಅಪ್ಪನ ಕರಾರಿಗೆ ಎಳೆದ ಗೆರೆಯ ಮುಂದೆ ಮಾತ್ರ ಒಂದು ಸಣ್ಣ ಸೊನ್ನೆ ಸುತ್ತಿ, ಸೀಮೆಸುಣ್ಣವನ್ನು ಮತ್ತೆ ಕಿವಿಗೆ ಸಿಕ್ಕಿಸಿದ.

ನಾಲ್ಕು ದಿನ ಬೇಕು ಎಂದು ಹೇಳಿ, ಅವಳ ಫೋನ್ ನಂಬರು ಬರೆದುಕೊಂಡು ತನ್ನದನ್ನೂ ಕೊಟ್ಟಿದ್ದ. ಆ ನಾಲ್ಕೂ ದಿನ ಏನೋ ಒಂದು ನೆಪ ಹೇಳಿಕೊಂಡು ಸಾರಿಕಾ ಅಂಗಡಿಗೆ ಹೋದಳು. ಒಮ್ಮೆ ಬಟ್ಟೆಯ ಬಣ್ಣ ನೋಡಲು, ಒಮ್ಮೆ ಪಟ್ಟಿಯ ಉದ್ದಕ್ಕೆ. ಖಾಲಿ ಬ್ಯಾಗು ಬೆನ್ನಿಗೆ ಸುಳ್ಳು ಹೇಳುತ್ತದೆಂದು ಅವನು ಬಟ್ಟೆಯ ಗಂಟೊಂದನ್ನು ತುರುಕಿ ಅವಳನ್ನು ಬಾಗಿಲವರೆಗೆ ನಡೆಸಿ ನೋಡಿದ. ಪಟ್ಟಿ ಬಿಗಿಯುವಾಗ ಬೆರಳು ಎಲ್ಲೂ ತಾಗದಂತೆ ಎಷ್ಟು ಎಚ್ಚರ ವಹಿಸಿದನೆಂದರೆ, ಅವಳಿಗೆ ಉಸಿರಾಡುವುದೇ ಮರೆತುಹೋಯಿತು. ಹುಡುಗಿ ಬ್ಯಾಗ್ ನೋಡಲು ಬರುತ್ತಿಲ್ಲ ಅನ್ನುವುದು ಜಿನಪಾಲಣ್ಣನಿಗೆ ಎರಡನೇ ದಿನವೇ ತಿಳಿದಿತ್ತು. ಅವಳಿಗೆ ತಿಳಿದದ್ದು ನಾಲ್ಕನೇ ದಿನ.

ಆ ನಾಲ್ಕನೇ ದಿನವೇ ಎಲ್ಲ ಕೆಟ್ಟಿತು.

ಮರುದಿನ ಊರಿನ ಕಡೆಯೇ ಲಸಿಕೆಯ ಕೆಲಸವಿತ್ತು. ಹೊಸ ಬ್ಯಾಗನ್ನು ಬೆನ್ನಿಗೇರಿಸಿ ಗಡಹಿಂಗ್ಲಜದ ಬಸ್ಸಿಗೆ ಹೊರಟವಳಿಗೆ ಚಾರ್ಜರು ಅಂಗಡಿಯಲ್ಲೇ ಉಳಿದದ್ದು ನೆನಪಾಯಿತು. ತಿರುಗಿ ಮೆಟ್ಟಿಲಿಗೆ ಕಾಲಿಟ್ಟಳು. ಒಳಗೆ ಕೇದಾರಿ ಬೆನ್ನು ತಿರುಗಿಸಿಕೊಂಡು ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದ.

"ಹೂಂ, ಈಗ ಹೋದ್ಲು. ಆಕಿ ಬ್ಯಾಗಿನ್ಯಾಗ ಚೋರ ಇಟ್ಟೇನಿ. ಆಕಿಗೆ ಗೊತ್ತಿಲ್ಲ. ಎಲ್ಲಿ ಹೋದ್ರೂ ಆಕಿ ಕೂಡನ ಇರತೈತಿ."

ಚೋರ!

ಸಾರಿಕಾ ಓದಿದ್ದು ಮರಾಠಿ ಶಾಲೆಯಲ್ಲಿ. ಮರಾಠಿಯಲ್ಲಾಗಲಿ ಕನ್ನಡದಲ್ಲಾಗಲಿ ಆ ಶಬ್ದಕ್ಕೆ ಅವಳಿಗೆ ಗೊತ್ತಿದ್ದ ಅರ್ಥ ಒಂದೇ. ಚಾರ್ಜರಿನ ಆಸೆ ಬಿಟ್ಟು, ಹಿಂದಕ್ಕೆ ಹಿಂದಕ್ಕೆ ಸರಿದು, ಹೊರಟು ನಿಂತಿದ್ದ ಬಸ್ಸು ಹತ್ತಿ ಕೂತಳು.

ಬಸ್ಸು ಕಾಗಲ್ ದಾಟುವಷ್ಟರಲ್ಲಿ ಅವಳ ಬೆರಳುಗಳು ಬ್ಯಾಗನ್ನೆಲ್ಲ ತಡವಿದ್ದವು. ಬೆನ್ನಿನ ಕಡೆ, ಒಳಪದರದ ಅಸ್ತರಿನಲ್ಲಿ, ರೂಪಾಯಿಯಷ್ಟು ಅಗಲದ ಗಂಟೊಂದು ಸಿಕ್ಕಿತು. ಹೊಲಿಗೆಯಲ್ಲಿ ಎಲ್ಲೂ ಬಾಯಿ ಕಾಣಲಿಲ್ಲ. ಎಲ್ಲಿದ್ದೀಯೆಂದು ತಿಳಿಸುವ ಬಿಲ್ಲೆಯಂಥ ಯಂತ್ರಗಳು ಬಂದಿವೆಯೆಂದು ಆಫೀಸಿನಲ್ಲಿ ಹೇಳಿದ್ದರಲ್ಲ... ಇದೇ ಅದು! ಕಳ್ಳ ಹಿಂದಿನಿಂದ ಬರುವುದೇ ಬೇಡ, ನಾನೇ ಬೆನ್ನ ಮೇಲೆ ಹೊತ್ತುಕೊಂಡು ಹೊರಟಿದ್ದೇನೆ!

ಅಷ್ಟರಲ್ಲಿ ಮೊಬೈಲು ಬಡಿದುಕೊಳ್ಳತೊಡಗಿತು. ಕೇದಾರಿ. ಅವಳು ಎತ್ತಲಿಲ್ಲ. ಮತ್ತೆ ಬಂತು. ಮತ್ತೆ... ಹನ್ನೊಂದು ಸಲ.

ಪಕ್ಕದಲ್ಲಿ ಕೂತ ಮುದುಕ ಬ್ಯಾಗಿನ ಕಡೆ ನೋಡಿದರೆ ಅವನೂ ಅವರ ಪೈಕಿಯೇ ಇರಬೇಕು ಅನ್ನಿಸಿತು. ಬಸ್ಸಿನ ಹಿಂದೆ ಒಂದು ಬೈಕು ಎರಡು ಮೈಲಿ ಬಂದು ತಿರುಗಿಕೊಂಡಿತು, ಅಷ್ಟಕ್ಕೇ ಅವಳ ಬೆನ್ನೆಲ್ಲ ಬೆವರಿತು. ಆಫೀಸಿಗೆ ಹೇಳಿದರೆ ಕೆಲಸ ಹೋಗುತ್ತದೆ, ಅಪ್ಪನಿಗೆ ಹೇಳಿದರೆ ಊರೇ ಗತಿ. ಕಡೆಗೆ ಅಂಗಡಿಯ ಚೀಟಿ ನೋಡಿ ಜಿನಪಾಲಣ್ಣನಿಗೆ ಫೋನ್ ಮಾಡಿದಳು. ನಿಮ್ಮ ಕಾರಿಗರ ಕಳ್ಳ, ನನ್ನ ಬ್ಯಾಗಿನಲ್ಲಿ ಯಂತ್ರ ಇಟ್ಟಿದ್ದಾನೆ ಎಂದಳು. ಅವರು ಮಾತಾಡುವ ಮೊದಲೇ ಕಟ್ ಮಾಡಿದಳು.

ಮಾಡಿದ ಮೇಲೆ ಎದೆ ಹಗುರಾಗಬೇಕಿತ್ತಲ್ಲ? ಅಳು ಬಂತು. ಎದಕ್ಕೆಲ್ಲಾ ಅಂಜತೀರಿ ಎಂದು ಕೇಳಿದ್ದು ಇದಕ್ಕೇನಾ? ಎಲ್ಲಿ ಒತ್ತಿದರೆ ನೋವಾಗುತ್ತದೆಂದು ತಿಳಿದುಕೊಳ್ಳಲು?

ಊರು ಸೇರಿದಾಗ ರಾಯಪ್ಪ ಹಟ್ಟಿಯ ಮುಂದೆ ಕುರಿಯ ತುಪ್ಪಟ ಕತ್ತರಿಸುತ್ತಿದ್ದ. ಮಗಳು ಬಂದವಳೇ ಒಂದು ಮಾತಿಲ್ಲದೆ ಅವನ ಕೈಯಿಂದ ಕತ್ತರಿ ಕಸಿದು, ಹೊಸ ಬ್ಯಾಗಿನ ಅಸ್ತರಿಗೆ ಹಚ್ಚಿದಳು.

ರಾಯಪ್ಪ ಅವಳ ಮುಂಗೈ ಹಿಡಿದ. ಏನಾಯಿತೆಂದು ಕೇಳಿದ. ಮುಚ್ಚಿಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಹಿಡಿದು ಫೋನಿನ ಮಾತಿನವರೆಗೆ ಎಲ್ಲ ಹೇಳಿದಳು. ಇನ್ನು ಕೆಲಸ ಮುಗಿದ ಹಾಗೇ ಎಂದು ಕಣ್ಣು ಮುಚ್ಚಿ ನಿಂತಳು.

ಅಪ್ಪ ಬಯ್ಯಲಿಲ್ಲ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಅಸ್ತರಿನ ಅಂಚಿನಲ್ಲಿ ಹೆಬ್ಬೆರಳು ಆಡಿಸಿದ. ಒಂದು ಕಡೆ ಹೊಲಿಗೆ ತನ್ನಷ್ಟಕ್ಕೆ ಬಾಯಿ ಬಿಟ್ಟಿತು. ಎರಡು ಬೆರಳು ಒಳಗೆ ಹಾಕಿ ಸಣ್ಣ ಬಟ್ಟೆಯ ಗಂಟೊಂದನ್ನು ಹೊರತೆಗೆದ. ಬಿಚ್ಚಿದರೆ ಹಳದಿ ಪುಡಿ.

ಭಂಡಾರ! ಕಾಯಲೆಂದು ಜೊತೆಗಿಟ್ಟುಕೊಳ್ಳುವ ಬೀರಪ್ಪ ದೇವರ ಅರಿಸಿನ!

ರಾಯಪ್ಪ ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡ. "ಇದಕ್ಕ ಚೋರ ಅಂತಾರವ್ವಾ. ಹೊರಗ ಕಾಣಲಾರದ ಕಿಸೆ. ನಿಮ್ಮ ಮುತ್ಯಾನ ಅಂಗಿಗೂ ಇತ್ತು. ಹೊಲಿಗಿ ಮಂದಿ, ನಮ್ಮಂಥಾ ಹಳೇ ಮಂದಿ, ಈಗೂ ಹಂಗ ಅಂತಾರ."

ಸಾರಿಕಾ ಅಲ್ಲೇ ಕುಸಿದು ಕೂತಳು. ಕಳ್ಳನಲ್ಲ, ಕಿಸೆ! ತನ್ನ ಅಂಜಿಕೆಯನ್ನೆಲ್ಲ ಒಂದೊಂದಾಗಿ ಕೇಳಿ ಹೊಲಿದುಕೊಟ್ಟವನಿಗೆ ತಾನು ಕಳ್ಳ ಎಂದು ಹೆಸರಿಟ್ಟೆನಲ್ಲ...

ಅವನು ಯಾರ ಮನೆಯ ಹುಡುಗ ಎಂದು ರಾಯಪ್ಪ ಸುಮ್ಮನೆ ಕೇಳಿದ ಹಾಗೆ ಕೇಳಿದ. ನೇಕಾರರ ಮನೆ, ನಮ್ಮ ಮಾತಿನವರೇ ಎಂದಳು. ಅಪ್ಪ ಬಹಳ ಹೊತ್ತು ಬ್ಯಾಗನ್ನು ತಿರುಗಿಸಿ ತಿರುಗಿಸಿ ನೋಡಿದ.

"ನಾಳೆ ಕೆಲಸಾ ಮುಗಿಸಿ ಹೋಗು. ತಪ್ಪಾತು ಅಂತ ಹೇಳಿ ಬಾ. ನೌಕರಿ ಬಿಡಬ್ಯಾಡ. ಇಷ್ಟ ಗಟ್ಟಿ ಬ್ಯಾಗ್ ಐತಿ, ನಾ ಯಾಕ ಅಂಜಲಿ?"

ಮರುದಿನ ಮಧ್ಯಾಹ್ನ ಅಂಗಡಿಗೆ ಬಂದರೆ ಮಷೀನಿನ ಹಿಂದಿನ ಸ್ಟೂಲು ಖಾಲಿ. ನಿನ್ನೆ ಫೋನ್ ಬಂದ ಸಿಟ್ಟಿನಲ್ಲಿ ಜಿನಪಾಲಣ್ಣ ಅವನನ್ನು ಮನೆಗೆ ಕಳಿಸಿದ್ದರು. ಸಾರಿಕಾ ಹೇಳಿದ್ದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡು, ಊರಂಚಿನ ಶಹಾಪುರದಲ್ಲಿದ್ದ ಅವನ ಮನೆಯ ದಾರಿ ಹೇಳಿಕೊಟ್ಟರು.

ಶಹಾಪುರದ ಓಣಿಯಲ್ಲಿ ಎರಡೂ ಕಡೆ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಆ ಸದ್ದಿಗಿಂತ ಅವಳ ಎದೆಯ ಸದ್ದೇ ಜೋರಾಗಿತ್ತು. ಮುಖ ನೋಡಲೂ ಒಪ್ಪದಿದ್ದರೆ? ಬಾಗಿಲಲ್ಲೇ ತಿರುಗಿಸಿ ಕಳಿಸಿದರೆ? ಬ್ಯಾಗು ಕಳೆದೀತೆಂದು ಇಷ್ಟು ದಿನ ಪಟ್ಟ ಹೆದರಿಕೆ ಇದರ ಮುಂದೆ ಏನೂ ಅಲ್ಲ!

ಬಾಗಿಲಲ್ಲಿ ಕೂತಿದ್ದ ಅವನ ತಾಯಿ ಸಾವಿತ್ರವ್ವ ಬ್ಯಾಗನ್ನು ನೋಡಿಯೇ ಗುರುತು ಹಿಡಿದಳು. ಫೋನಿನ ಮಾತು ಕೇಳಿಸಿಕೊಂಡದ್ದನ್ನು ಸಾರಿಕಾ ಹೇಳಿದಾಗ, ಭಂಡಾರ ಕೊಟ್ಟವಳು ತಾನೇ, ಆ ಹೊತ್ತು ಫೋನಿನಲ್ಲಿದ್ದವಳೂ ತಾನೇ ಎಂದಳು. ಹುಡುಗಿ ಬಹಳ ಅಂಜುತ್ತಾಳೆಂದು ಮಗ ನಾಲ್ಕು ದಿನ ಅದನ್ನೇ ಹೇಳುತ್ತಿದ್ದನಂತೆ. ಕರೆಯುತ್ತೇನೆ ಎಂದು ಒಳಗೆ ಹೋದಳು.

ಕೇದಾರಿ ಹೊರಗೆ ಬಂದ. ಕೈಯಲ್ಲಿ ಅವಳ ಚಾರ್ಜರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಅವಳು ಕೈ ಜೋಡಿಸಿದಳು. ಕಣ್ಣು ತುಂಬಿತು.

"ತಪ್ಪಾತ್ರಿ. ಭಾಳ ದೊಡ್ಡ ತಪ್ಪಾತು."

"ಕಳ್ಳ ಅಂದಿದ್ದಕ್ಕ ನನಗೇನ ಅನಸ್ಲಿಲ್ಲ," ಅವನು ಹೇಳಿದ. "ಚಾರ್ಜರ ಉಳದೈತಿ ಅಂತ ಹನ್ನೊಂದ ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ದಾರ್ಯಾಗ ಬೈಕಿನವರು ಏನಾರ ಮಾಡಿದ್ರೋ ಅಂತ ಜೀವ ಹೋದಂಗಾತು. ಗಡಹಿಂಗ್ಲಜದಿಂದ ಬರೂ ಒಂದೊಂದ ಬಸ್ಸಿಗೂ ಹೋಗಿ ನೋಡಿ ಬಂದೇನಿ. ನಿನ್ನೀನೂ, ಇವತ್ತ ಮುಂಜಾನೀನೂ."

ತನಗಾಗಿ ಒಬ್ಬರು ಇಷ್ಟು ಅಂಜಬಹುದೆಂದು ಸಾರಿಕಾ ಎಣಿಸಿರಲಿಲ್ಲ. ಕಣ್ಣೀರು ನಿಲ್ಲಲಿಲ್ಲ, ಒರೆಸಿಕೊಳ್ಳಲೂ ಇಲ್ಲ.

"ಸಿಟ್ಟ ಇಲ್ಲೇನ್ರಿ ನಿಮಗ?"

"ಇಲ್ಲ. ನಿಮಗ ನನ್ನ ಅಂಜಿಕಿ ಹೋಗೇತಿ ಅಂದ್ರ ಒಂದ ಸಲ ನನ್ನ ಹೆಸರ ಹಿಡದ ಕರೀರಿ. ಇಲ್ಲೀತನಕಾ ಒಮ್ಮೆಯೂ ಕರದಿಲ್ಲ."

ಅವಳು ತಲೆ ತಗ್ಗಿಸಿದಳು. ಕಿವಿಯವರೆಗೂ ಕೆಂಪೇರಿತು. ಇಷ್ಟು ದಿನದ ಅಂಜಿಕೆಯೆಲ್ಲ ಒಟ್ಟಾಗಿ ನಾಲಿಗೆಯ ಮೇಲೆ ಬಂದು ಕೂತಂತಿತ್ತು. ಆದರೂ ಹೇಳಿದಳು.

"ನಮ್ಮ ಕಡೆ ಹೆಣ್ಮಕ್ಕಳು ಒಬ್ಬರ ಹೆಸರ ಮಾತ್ರ ಬಾಯಿಲೆ ಹೇಳೂದಿಲ್ರಿ. ಆ ಹೆಸರ ನಾ ಹೆಂಗ ಹೇಳ್ಲಿ?"

ಒಳಗೆ ಸಾವಿತ್ರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಕೇದಾರಿ ಮಾತ್ರ ಮಿಸುಕಾಡದೆ ನಿಂತಿದ್ದ. ಮಗ್ಗಗಳು ಒಂದೇ ಸಮನೆ ಖಟಖಟ ಎನ್ನುತ್ತಿದ್ದವು.

"ಮಗ್ಗದ ಸಪ್ಪಳರಿ... ಏನಂದ್ರಿ?"

ಅಯ್ಯೋ ದೇವರೇ, ಮತ್ತೊಮ್ಮೆಯೇ! ಅವಳು ಕಣ್ಣು ಮುಚ್ಚಿಕೊಂಡು, ಒಂದು ಹೆಜ್ಜೆ ಹತ್ತಿರ ಬಂದು, ಅದೇ ಮಾತನ್ನು ಒಂದು ಅಕ್ಷರ ಬಿಡದೆ ಮತ್ತೆ ಹೇಳಿದಳು. ಕಣ್ಣು ತೆರೆದಾಗ ಅವನ ಕಣ್ಣುಗಳೂ ತುಂಬಿದ್ದವು, ಮುಖವೆಲ್ಲ ನಗು.

"ಮೊದಲನೇ ಸಲಾನ ಕೇಳಿತ್ತು," ಅಂದ.

"ಹಂಗಾರ ಮತ್ಯಾಕ ಹೇಳಿಸಿದ್ರಿ?"

"ಇನ್ನೊಂದ ಸಲ ಕೇಳಬೇಕನಿಸ್ತು."