ಮುಂದಿನ ಸೀಟಿನ ಬೀಸುಕಲ್ಲು

"ಏಯ್! ನನ್ನ ಕಾರಿಗೆ ಯಾಕ ಕೈ ಹಾಕಿದ್ರಿ?"

ನೀರಿನ ಬಾಟಲಿ ತರಲು ಮೇಲೆ ಹೋಗಿದ್ದ ಶೀತಲ ಕೆಳಗಿಳಿಯುತ್ತಲೇ ಕೂಗಿಬಿಟ್ಟಳು. ಬೆಳಿಗ್ಗೆಯಿಂದ ಒಬ್ಬಳೇ ತುಂಬಿದ ಸಾಮಾನೆಲ್ಲ ಕಾರಿನಿಂದ ಇಳಿದು ಬಿಲ್ಡಿಂಗ್ ಮುಂದೆ ಕೂತಿತ್ತು. ನಡುವೆ ನಿಂತವನು ಎರಡನೇ ಮಹಡಿಯ ಗುರುಬಸವ!

ಬೈಕುಲ್ಲಾ ಮಾರ್ಕೆಟ್‌ನಲ್ಲಿ ಟೆಂಪೊಗಳಿಗೆ ಮಾಲು ಹೇರಿಸುವುದು ಅವನ ಕೆಲಸ. ಶೀತಲಳ ಅವ್ವ ಗಂಗುಬಾಯಿ ಇದ್ದಾಗ ದಿನಾ ತರಕಾರಿ ಹಿಡಿದು ಬಾಗಿಲು ತಟ್ಟುತ್ತಿದ್ದ. ಅವ್ವ ತೀರಿಕೊಂಡು ವರ್ಷವಾಯಿತು... ಒಮ್ಮೆಯಾದರೂ ಬಂದನೇ? ವಿಕ್ರೋಳಿಯ ಈ ಬಿಲ್ಡಿಂಗ್‌ನ ಮನೆಯಲ್ಲಿ ಶೀತಲ ಒಬ್ಬಳೇ ಟಿವಿ ಹಚ್ಚಿಟ್ಟುಕೊಂಡು ಊಟ ಮಾಡುವುದನ್ನು ಕಲಿತಿದ್ದಳು. ಯಾವುದೋ ಒಂದು ದನಿ ಬೇಕಲ್ಲ!

'ಈಗ ಬಂದಾನ ಸಾಹೇಬ, ನಾ ಊರಿಗೆ ಹೊಂಟ ದಿನ!'

"ಈ ಬೀಸುಕಲ್ಲು ಮುಂದಿನ ಸೀಟಿನ ಮ್ಯಾಲೆ ಯಾರ್ ಇಟ್ರು?" ಅವನು ಮುಖ ನೋಡದೆ ಕೇಳಿದ.

"ನಾನ. ಬೆಲ್ಟೂ ಹಾಕಿದ್ದೆ. ಇಲ್ಲಾಂದ್ರ ಕಾರು ಕುಂಯ್ ಕುಂಯ್ ಅಂತಿತ್ತು."

"ಯಾರೋ ಕೂತಾರ ಅನ್ಕೊಂಡದ, ಪಾಪ. ಬ್ರೇಕ್ ಹೊಡದು ಗಾಡಿ ತಿರುವಿದ್ರ ಕಲ್ಲು ಜಾರಿ ನಿಮ್ಮ ಮ್ಯಾಲೇ ಬರ್ತದ್ರಿ!"

"ಆ ಸೀಟು ಖಾಲಿನ ಇತ್ತಲ್ಲ..." ಅವಳ ದನಿ ಸಣ್ಣಗಾಯಿತು. ಅದು ಅವ್ವ ಕೂರುತ್ತಿದ್ದ ಸೀಟು.

ಅವನು ಕಲ್ಲಿನ ಎರಡೂ ಭಾಗಗಳನ್ನು ಗೋಣಿಯಲ್ಲಿ ಸುತ್ತಿ ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇಟ್ಟ. ಪಕ್ಕದಲ್ಲಿ ಹಿತ್ತಾಳೆ ಪಾತ್ರೆ, ಮೇಲೆ ಹಗುರಾದ ಸೀರೆಯ ಚೀಲ. ಹಗ್ಗ ಬಿಗಿದ. ಹಿಂದಿನ ಗಾಜಿಗೆ ಏನೂ ಅಡ್ಡವಾಗಿಲ್ಲವೆಂದು ಕನ್ನಡಿಯಲ್ಲಿ ಎರಡೆರಡು ಸಲ ನೋಡಿದ.

ಕಳಿಸಲು ಇಷ್ಟು ಆತುರವೇ! ಶೀತಲ ನೀರಿನ ಬಾಟಲಿಯನ್ನು ಹಿಂದಿನ ಸೀಟಿನ ಮೇಲೆ ಎಸೆದಳು.

"ಆತ್ರಿ. ಸಾವಕಾಶ ಹೋಗ್ರಿ." ಅವನು ಕೈ ಒರೆಸಿಕೊಂಡ. "ಮದ್ವಿ ಚೊಲೋ ಆಗ್ಲಿ... ಸುಖವಾಗಿರ್ರಿ."

"ಯಾರ ಮದ್ವಿ?"

"ನಿಮ್ದು! ಬೀಸುಕಲ್ಲು, ಹಿತ್ತಾಳಿ ಸಾಮಾನು, ಸೀರಿ... ಮದ್ವಿ ಮನ್ಯಾಗ ಮೊದ್ಲ ಕಲ್ಲಿನ ಪೂಜಿ. ಅಷ್ಟೂ ತಿಳಿಯೂದಿಲ್ಲೇನ್ರಿ ನನಗ?"

ಶೀತಲಳಿಗೆ ನಗುವೂ ಬಂತು, ಅಳುವೂ ಬಂತು. ಎಂಥ ಹುಚ್ಚ ಇವನು!

"ಮದ್ವಿ ನಮ್ಮ ಕಾಕಾನ ಮಗಳು ವೈಶಾಲಿದು, ವಿಜಯಪುರದಾಗ! ಪೂಜಿಗೆ ಅವ್ವನ ಕಲ್ಲ ಬೇಕಂತ ಕಾಕು ಹಟ ಹಿಡದಾಳ. ಬುಧವಾರ ವಾಪಸ್ ಬರ್ತೀನ್ರಿ ನಾನು!"

ಗುರುಬಸವ ಕಾರಿಗೆ ಆತುಕೊಂಡು ನಿಂತುಬಿಟ್ಟ.

"ವರ್ಷಾತು... ಒಮ್ಮಿನೂ ಯಾಕ ಬರ್ಲಿಲ್ಲ ನೀವು?"

"ನೀವು ಒಬ್ಬರೇ ಇದ್ರಿ. ನಾ ಬಂದ್ರ ಬಿಲ್ಡಿಂಗ್ ಮಂದಿ ನಿಮಗ ಏನರ ಅಂತಾರಂತ ಅಂಜಿದೆ. ದಿನಾ ನಿಮ್ಮ ಮೆಟ್ಲತನಕ ಬಂದು ತಿರುಗಿ ಹೋಗ್ತಿದ್ದೆ." ಅವನು ಮೊದಲ ಸಲ ಅವಳ ಮುಖ ನೋಡಿದ. "ಶೀತಲ... ನನಗ ನೀವಂದ್ರ ಜೀವ."

ಅವಳು ಡ್ರೈವರ್ ಸೀಟಿನಲ್ಲಿ ಕೂತು ಪಕ್ಕದ ಬಾಗಿಲು ತೆರೆದಳು.

"ವಾಶಿತನಕ ಬರ್ರಿ. ಅಲ್ಲಿಂದ ಲೋಕಲ್ ಟ್ರೇನ್ ಹಿಡದು ವಾಪಸ್ ಬರ್ರಿ."

ಅವನು ಕೂತ. ಅವಳು ಕೀ ತಿರುಗಿಸಿದಳು. ಕುಂಯ್ ಕುಂಯ್! ಈ ಸಲ ನಿಜಕ್ಕೂ ಒಬ್ಬರು ಕೂತಿದ್ದರು. ಶೀತಲ ಕಣ್ಣೊರೆಸಿಕೊಂಡಳು.

"ಬೆಲ್ಟ್ ಹಾಕ್ರಿ... ಊರಾಗ ಎಲ್ಲಾರೂ 'ನಿನ್ನ ಮದ್ವಿ ಯಾವಾಗ' ಅಂತ ನನ್ನ ಕೇಳ್ತಾರ. ಏನ್ ಹೇಳ್ಲಿ?"

ಅವನು ಬೆಲ್ಟ್ ಸಿಕ್ಕಿಸಿದ. ಸದ್ದು ನಿಂತಿತು.

"ಅದೆಲ್ಲಾ ಇರ್ಲಿ, ಕಲ್ಲು ಮಾತ್ರ ಅಲ್ಲೇ ಬಿಟ್ಟು ಬರಬ್ಯಾಡ್ರಿ," ಎಂದ ಮೆಲ್ಲಗೆ. "ನಮ್ಮ ಪೂಜಿಗೂ ಬೇಕಲ್ಲ..."